ಮುಂದಿನ ಗಾಲಿ ನೋಡು

ಕಾಕಾನ ಎಡಮೊಣಕಾಲು ಮಡಚುತ್ತಿರಲಿಲ್ಲ. ಟ್ರಕ್ ಹತ್ತುವಾಗ ಆ ಕಾಲನ್ನು ಎರಡೂ ಕೈಯಲ್ಲಿ ಎತ್ತಿ, ತಮ್ಮ ಅಂಗಡಿಯ ಕಬ್ಬಿಣದ ಸರಳಿನ ಹಾಗೆ ಒಳಗಿಡುತ್ತಿದ್ದರು. ಕ್ಲಚ್ಚನ್ನು ಸೊಂಟದಿಂದ ತಳ್ಳುತ್ತಿದ್ದರು. ಅವರು ಅಪ್ಪನ ತಮ್ಮ. ವ್ಯಾಪಾರ ಕಳಂಬೋಲಿಯ ಕಬ್ಬಿಣಪೇಟೆಯಲ್ಲಿ, ಮನೆ ಕಾಮೋಠೆಯಲ್ಲಿ ನಮ್ಮ ಮೇಲಿನ ಮಹಡಿ. ಕೆಸರಿಗೂ ಕಲ್ಲಿಗೂ ಇಳಿಯುವ ಆ ಹಳೆಯ ಟ್ರಕ್ಕಿನ ಖಂಡೇನವಮಿ ಪೂಜೆಯನ್ನು ಬೇರೆ ಯಾರಿಗೂ ಬಿಡುತ್ತಿರಲಿಲ್ಲ.

ಒಂದು ದಸರೆಯ ದಿನಚರಿಯಲ್ಲಿ ನಾನು ಬರೆದ ಮೊದಲ ಸಾಲು: "ಬೆಳಿಗ್ಗೆ ಹನ್ನೊಂದು. ನವರಾತ್ರಿಯ ಘಟ ಬಿಡಲು ಖಾಡಿಗೆ. ಕಾಕಾ, ನಾನು."

ಸಮುದ್ರದ ನೀರು ಒಳನುಗ್ಗುವ ಆ ಖಾಡಿಯ ದಂಡೆಯಲ್ಲಿ ಕಾಕಾ ಇಳಿದು, ಮುಂದಿನ ಎರಡೂ ಗಾಲಿಗಳ ಹೊರಮೈಯ ನಟ್ಟನಡುವೆ ಬಿಲ್ಲೆಯಂತಿರುವ ಹಬ್‌ಗಳನ್ನು ಎಂದಿನಂತೆ ಕೈಯಿಂದ ತಿರುಗಿಸಿದರು. ಎರಡೂ ಪೂರ್ತಿ ತಿರುಗಿದರೆ ಮಾತ್ರ ಎಂಜಿನ್ನಿನ ಬಲ ಮುಂದಿನ ಗಾಲಿಗಳಿಗೆ ಹೋಗುತ್ತದೆ. ಘಟ ಬಿಟ್ಟು ಮರಳುವಾಗ ಹಿಂದಿನ ಗಾಲಿಗಳು ಕೆಸರಿನಲ್ಲಿ ಕುಸಿದವು. ಕಾಕಾ ಲಿವರ್ ಎಳೆದರು. ನಾಲ್ಕು ಗಾಲಿಯ ದೀಪ ಹತ್ತಿತು. ಟ್ರಕ್ ಇನ್ನಷ್ಟು ಇಳಿಯಿತು.

ಉಬ್ಬರ ಶುರುವಾಗಿತ್ತು. ಕಾಂಡ್ಲಾ ಗಿಡಗಳ ಬೇರು ಒಂದೊಂದಾಗಿ ಮುಳುಗುತ್ತಿದ್ದವು. ಆ ಕೆಸರಿನಲ್ಲಿ ನಾನು ಹೇಗೋ ನಡೆದು ಪಾರಾಗಬಹುದಿತ್ತು, ಕಾಕಾನಿಗೆ ಆಗುತ್ತಿರಲಿಲ್ಲ. ಅಪ್ಪನಿಗೆ ಫೋನ್ ಮಾಡಿದರೆ ಅವರು ದೂರದ ಘೋಡಬಂದರ್ ರಸ್ತೆಯ ಟ್ರಾಫಿಕ್ಕಿನಲ್ಲಿ ನಿಂತಿದ್ದರು.

"ಕಾಕಾ, ಪಾನೀ ಆ ರಹಾ ಹೈ." ನೀರು ಬರುತ್ತಿದೆ ಎಂಬುದು ಗಾಬರಿಯಲ್ಲಿ ಹಿಂದಿಯಲ್ಲೇ ಬಾಯಿಗೆ ಬಂತು.

"ಹೆದರೂದಾದ್ರ ಕನ್ನಡದಾಗ ಹೆದರವ್ವಾ," ಎಂದರು. "ಇಳಿ. ಮುಂದಿನ ಗಾಲಿ ನೋಡು. ತಿರಗತೈತೇನು?"

"ಲೈಟ್ ಹತ್ತೇತಲ್ಲ?"

"ಲೈಟ್ ಲಿವರಿಂದು. ಗಾಲೀದು ನೀ ಹೇಳ್. ಮೊದಲ ಕಂಡದ್ದು, ಆಮ್ಯಾಲೆ ಹೆದರಿಕಿ."

ಗಾಲಿ ತಿರುಗುತ್ತಿರಲಿಲ್ಲ. ಬಲಗಡೆಯ ಹಬ್ ಸರಿಯಿತ್ತು. ಎಡಗಡೆಯದು ಅರ್ಧಕ್ಕೇ ನಿಂತಿತ್ತು. ಹಿಂದಿನ ದಿನದ ಪೂಜೆಯಲ್ಲಿ ಕಾಕಾ ನೀರಲ್ಲಿ ಕಲಸಿ ಬಳಿದಿದ್ದ ವಿಭೂತಿ ಅದರ ಸಂದಿಯಲ್ಲಿ ಒಣಗಿ ಕಲ್ಲಾಗಿತ್ತು. ಹೇಳಿದೆ.

"ನಾನೇ ಪೂಜಿ ಮಾಡಿ ನಾನೇ ಅದರ ಕೈ ಕಟ್ಟೇನಿ ನೋಡು," ಎಂದು ನಕ್ಕರು.

ಅವರು ಲಿವರ್ ಹಿಂದಕ್ಕೆ ಹಾಕಿದರು. ನಾನು ಮನೆಯ ಕೀಲಿಯಿಂದ ಕೆರೆದೆ. ಖಾಡಿಯ ನೀರನ್ನೇ ಬೊಗಸೆಯಲ್ಲಿ ತಂದು ಸುರಿದೆ, ಮತ್ತೆ ಕೆರೆದೆ. ಪ್ರತಿ ಸಲವೂ ನೀರಿಗಾಗಿ ಹೋಗಬೇಕಾದ ದೂರ ಕಡಿಮೆಯಾಗುತ್ತಿತ್ತು. ಕೊನೆಗೆ ಟ್ರಕ್ಕಿನಲ್ಲಿದ್ದ ಇಕ್ಕಳ ಹಾಕಿ ತಿರುವಿದಾಗ ಹಬ್ ಕಟಕ್ಕೆಂದು ಕೂತಿತು. ಕಾಕಾ ಮತ್ತೆ ಲಿವರ್ ಎಳೆದರು.

"ಗಾಲಿ?"

"ತಿರಗಾಕತ್ತಾವ, ಕಾಕಾ."

ಟ್ರಕ್ ಕೆಸರಿನಿಂದ ಮೇಲೆದ್ದು ಗಟ್ಟಿ ನೆಲ ಮುಟ್ಟಿತು.

ಮರುವರ್ಷ, ಹೃದಯದ ಆಪರೇಷನ್ನಿಗೆ ಒಯ್ಯುವ ಮುಂಚೆ, ಕಾಕಾ ನನ್ನ ಕೈ ಹಿಡಿದರು. ತಲೆಯ ಬಳಿ ಮಾನಿಟರಿನ ಹಸಿರು ದೀಪ ಉರಿಯುತ್ತಿತ್ತು.

"ಏನ್ ಕಾಣ್ತೈತಿ, ಹೇಳ್."

ನಾನು ದೀಪದ ಮಾತೆತ್ತಲಿಲ್ಲ. "ನಿನ್ನ ಕೈ ಬೆಚ್ಚಗೈತಿ. ನಾ ಹಿಡಕೊಂಡೀನಿ."

"ಹೆದರಿಕಿ?"

"ಆಮ್ಯಾಲೆ, ಕಾಕಾ."

ಅವರು ಮರಳಲಿಲ್ಲ. ಆ ಹೆದರಿಕೆಯನ್ನು ಈಗ ನಾನೊಬ್ಬಳೇ ಪಡುತ್ತಿದ್ದೇನೆ, ಕನ್ನಡದಲ್ಲಿ. ಟ್ರಕ್ ನನ್ನ ಬಳಿ ಇದೆ. ಖಂಡೇನವಮಿಗೆ ವಿಭೂತಿಯನ್ನು ಬಾನೆಟ್ಟಿಗಷ್ಟೇ ಬಳಿದು, ಹಬ್ ಎರಡನ್ನೂ ತಿರುಗಿಸಿ, ಬಗ್ಗಿ ನೋಡುತ್ತೇನೆ.