ಪುಟ್ಟಮ್ಮನ ಹೊಲಕ್ಕೆ ಬಂದ ಹೆಬ್ಬಾತು

"ವಿದೇಶದ ವಿಜ್ಞಾನಿಗಳು ತಿಳಿಹೇಳಿದ ಮೇಲೆ ಈ ಊರಿನವರು ಹಕ್ಕಿಗಳನ್ನು ಕಾಪಾಡತೊಡಗಿದರು." ನಮ್ಮ ಕೆರೆಯ ಏರಿಯ ಮೇಲೆ ಹೊಸದಾಗಿ ನೆಟ್ಟಿರುವ ಫಲಕದಲ್ಲಿ ಹೀಗೆ ಬರೆದಿದೆ. ಬಣ್ಣದ ವಾಸನೆ ಇನ್ನೂ ಹೋಗಿಲ್ಲ. ಬೆಳಗಿನ ತಿರುಗಾಟಕ್ಕೆ ಹೊರಟವನು ಓದಿ ಅಲ್ಲೇ ನಿಂತುಬಿಟ್ಟೆ. ಅಚ್ಚಾದದ್ದನ್ನೆಲ್ಲ ಅನುಮಾನಿಸುವುದು ನನ್ನ ಹಳೆಯ ಚಾಳಿ. ಮನೆಯವರು ನನ್ನ ಕೈಗೆ ಲಗ್ನಪತ್ರಿಕೆ ಕೊಡಲೂ ಹೆದರುತ್ತಾರೆ. ಆದರೆ ಈ ಅನುಮಾನಕ್ಕೆ ಆಧಾರವಿದೆ, ಕೇಳಿ.

ನಮ್ಮೂರು ಕೆ.ಆರ್. ಪೇಟೆ ಸೀಮೆಯಲ್ಲಿ, ಸಿಂಧಘಟ್ಟದ ಆಸುಪಾಸಿನಲ್ಲಿದೆ. ಭತ್ತದ ಕೊಯ್ಲು ಮುಗಿಯುವ ಹೊತ್ತಿಗೆ, ತಲೆಯ ಮೇಲೆ ಎರಡು ಕಪ್ಪು ಗೆರೆ ಎಳೆದಂತಿರುವ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಹಗಲೆಲ್ಲ ಕೆರೆಯಂಚಿನ ಕೆಸರಿನಲ್ಲಿ ವಿಶ್ರಾಂತಿ, ಸಂಜೆಯಾದರೆ ಹುರುಳಿ ಹೊಲದಲ್ಲಿ ಊಟ. ಆ ಹೊಲ ಪುಟ್ಟಮ್ಮನದು. ತಗಡಿನ ಡಬ್ಬ ಬಡಿದು ಅವನ್ನು ಎಬ್ಬಿಸುತ್ತ ಅವಳು ಆಡುತ್ತಿದ್ದ ಬೈಗುಳಗಳನ್ನು ಇಲ್ಲಿ ಬರೆಯಲಾರೆ.

ಕೆಲವು ವರ್ಷಗಳ ಹಿಂದೆ ಅವುಗಳಲ್ಲೊಂದು ಕೊರಳಿಗೆ ಹಸಿರು ಪಟ್ಟಿ ಕಟ್ಟಿಸಿಕೊಂಡು ಬಂದಿಳಿಯಿತು. ಪುಟ್ಟಮ್ಮ ಡಬ್ಬ ಕೆಳಗಿಟ್ಟಳು. ನಮ್ಮ ಕಡೆ ದೇವರಿಗೆ ಬಿಟ್ಟ ಬಸವನ ಕೊರಳಲ್ಲಿ ಗುರುತಿರುತ್ತದೆ; ಅದು ಯಾರ ಹೊಲಕ್ಕೆ ನುಗ್ಗಿದರೂ ಹೊಡೆಯುವಂತಿಲ್ಲ.

"ಯಾರೋ ಅರಕೆ ಒತ್ತು ಬುಟ್ಟವ್ರೆ ಕಣಣ್ಣ. ತಿನ್ಲಿ ಬುಡು."

"ಬಾತ್ನ ಯಾರವ್ವ ಅರಕೆ ಬುಡ್ತಾರೆ?"

"ನೀನು ಓದ್ದೋನು. ನಿಂಗೆ ಎಲ್ಲಾದ್ರಲ್ಲೂ ಅನುಮಾನ್ವೇಯ."

ಒಂದು ಕೊರಳಪಟ್ಟಿಯ ದೆಸೆಯಿಂದ ಇಡೀ ಹಿಂಡು ಬದುಕಿಕೊಂಡಿತು. ಯಾವುದು ದೇವರದು, ಯಾವುದು ಅಲ್ಲ ಎಂದು ಸಂಜೆಯ ಮಬ್ಬಿನಲ್ಲಿ ಹೇಗೆ ತಿಳಿಯಬೇಕು?

ಮೈಸೂರಿನಿಂದ ಹಕ್ಕಿ ನೋಡಲು ಬಂದ ಮೇಷ್ಟ್ರೊಬ್ಬರು ಪಟ್ಟಿಯ ಫೋಟೋ ತೆಗೆದು ದೇಶದಾಚೆಗೆ ವಿಚಾರಿಸಿದರು. ಮಂಗೋಲಿಯದ ವಿಜ್ಞಾನಿಗಳಿಂದ ಬಂದ ಉತ್ತರವನ್ನು ಊರಿಗೆಲ್ಲ ಓದಿ ಹೇಳಿದರು: ಪಟ್ಟಿಯನ್ನು ಅಲ್ಲಿನ ಸರೋವರದ ದಂಡೆಯಲ್ಲಿ ತಾವೇ ಕಟ್ಟಿದ್ದು, ಹಕ್ಕಿ ಬದುಕಿರುವುದು ತಿಳಿದು ಸಂತೋಷ, ಅದು ಇಳಿಯುವ ಕೆಸರಂಚನ್ನು ದಯವಿಟ್ಟು ಉಳಿಸಿಕೊಡಿ.

ಅಷ್ಟರಲ್ಲಿ ಹೂಳೆತ್ತಲು ಜೆಸಿಬಿ ಬಂದು ನಿಂತಿತ್ತು. ಅಂಚನ್ನೂ ಬಿಡದೆ ಕೆರೆಯನ್ನೆಲ್ಲ ಒಂದೇ ಆಳಕ್ಕೆ ಅಗೆಯುವುದೆಂದು ಕಂಟ್ರಾಕ್ಟರು ಹೇಳಿದ್ದ. ಹಾಗಾದರೆ ಬಾತುಗಳಿಗೆ ಕಾಲೂರಲು ನೆಲವಿರುವುದಿಲ್ಲ. ಗ್ರಾಮಸಭೆಯಲ್ಲಿ ನಾನು ಪುಸ್ತಕದ ಭಾಷೆಯಲ್ಲಿ ಉದ್ದಕ್ಕೂ ವಾದಿಸಿದೆ; ಮುಂದಿನ ಸಾಲಿನವರು ಆಕಳಿಸಿದರು. ಆಗ ಪುಟ್ಟಮ್ಮ ಎದ್ದು ಕಂಟ್ರಾಕ್ಟರನ ಕಡೆ ತಿರುಗಿದಳು.

"ಅಲ್ಲಿ ಯಾರೋ ಪುಣ್ಯಾತ್ಮರು ಕೊಳ್ಗೆ ಗುರ್ತು ಕಟ್ಟಿ, ಉಸಾರಾಗಿ ಓಗ್ಬುಟ್ ಬಾ ಅಂತ ಕಳಿಸ್ತಾವ್ರೆ. ಇಲ್ಲಿ ಕೂರೋಕೆ ಜಾಗ್ವೇ ಇಲ್ದಂಗೆ ತೋಡ್ಬುಟ್ರೆ ಅವ್ರಿಗೇನ್ಲಾ ಏಳ್ತೀಯೆ? ಅವು ಮೇಯೋದು ನನ್ ಒಲ್ದಲ್ಲಿ. ನಾನೇ ಸುಮ್ಕಿವ್ನಿ, ನಿಂಗೇನ್ಲಾ ಉರಿ?"

ಸಭೆಯೆಲ್ಲ ನಕ್ಕಿತು, ಕಂಟ್ರಾಕ್ಟರೂ ನಕ್ಕ. ನಗು ಅಡಗುವಷ್ಟರಲ್ಲಿ ಅವಳ ಪರವಾಗಿ ಕೈಗಳು ಮೇಲೆದ್ದಿದ್ದವು. ಜೆಸಿಬಿ ಕೆರೆಯ ನಡುವಿನ ಹೂಳನ್ನಷ್ಟೇ ಎತ್ತಿತು. ಮೂಡಲ ದಂಡೆಯ ಕೆಸರು ಇದ್ದ ಹಾಗೆಯೇ ಉಳಿಯಿತು. ಮರುವರ್ಷ ಅಲ್ಲಿ ಹೆಬ್ಬಾತುಗಳು ಒಂದರ ಮಗ್ಗುಲಿಗೊಂದು ನಿಂತ ವೈಭವವನ್ನು ನೀವು ನೋಡಬೇಕಿತ್ತು! ಪಟ್ಟಿ ಕಟ್ಟಿದವರ ಪಾಲನ್ನು ನಾನು ಅಲ್ಲಗಳೆಯುವುದಿಲ್ಲ. ಅವರ ಮಾತು ನಮ್ಮನ್ನು ಮುಟ್ಟುವ ಮೊದಲೇ ನಮ್ಮೂರಿನ ಹೆಂಗಸೊಬ್ಬಳು ತನ್ನ ಪಾಲನ್ನು ಸಲ್ಲಿಸಿದ್ದಳು ಎನ್ನುವುದಷ್ಟೇ ನನ್ನ ವಾದ.

ನನ್ನ ಮಾತನ್ನೂ ಸುಮ್ಮನೆ ನಂಬಬೇಡಿ. ಪುಟ್ಟಮ್ಮ ಗಟ್ಟಿಮುಟ್ಟಾಗಿದ್ದಾಳೆ, ಮೂಡಲ ದಂಡೆಯಲ್ಲಿ ಕೊನೆಯ ಹೊಲ, ಯಾರು ಬೇಕಾದರೂ ಹೋಗಿ ಕೇಳಬಹುದು. ಇವತ್ತು ನಾನೇ ಕೇಳಿಕೊಂಡು ಬಂದೆ.

"ಈ ಸಲ ಮಂಗೋಲಿಯಾದೋರು ಜಾಸ್ತಿ ಕಳಿಸವ್ರೆ ಕಣಣ್ಣ," ಎಂದಳು. "ಅದ್ಕೇ ಕೆರೆ ಕಡೀಕೆ ಬೀಜ ಒಸಿ ಜಾಸ್ತೀನೇ ಚೆಲ್ಲಿವ್ನಿ."