ನಾಲ್ಕನೆಯ ನೋಟಬುಕ್ಕಿನ ಒಂದು ಸಾಲು

ಎಪ್ಪತ್ತರ ದಶಕದಲ್ಲಿ ನಾನು ಬಬಲೇಶ್ವರದ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದೆ. ನಮ್ಮ ಹೆಡ್‌ಮಾಸ್ತರು ತಿಕೋಟಾದವರು, ಚದುರಂಗದ ಹುಚ್ಚರು. ಒಂದು ಮಧ್ಯಾಹ್ನ ಎಲ್ಲರೆದುರು ನನ್ನ ರಾಜನನ್ನು ಪ್ಯಾದೆಯಿಂದ, ಅಂದರೆ ಬರೀ ಕಾಲಾಳಿನಿಂದ, ಕಟ್ಟಿಹಾಕಿ ಸೋಲಿಸಿದರು. ನಮ್ಮ ಕಡೆ ವಜೀರನಿಂದ ಸೋತರೆ ಅದು ಬರೀ ಸೋಲು; ಪ್ಯಾದೆಯಿಂದ ಸೋತರೆ ಮಾನ ಹೋದಂತೆ.

“ಏನ್ರೀ ಪ್ಯಾದಿ ಅಕ್ಕೋರ, ಹಾಜರಿ ತಗೊಂಡ್ರೇನು?” ಎಂದು ಮರುದಿನದಿಂದಲೇ ಶುರುಮಾಡಿದರು. ಅಲ್ಲಿ ಟೀಚರಮ್ಮಂದಿರೆಲ್ಲ ಅಕ್ಕೋರು. ಮಕ್ಕಳೂ ಕಲಿತವು, ಬಸ್ಸಿನ ಕಂಡಕ್ಟರನೂ ಕಲಿತ.

ಮೈಯೆಲ್ಲ ಉರಿಯುತ್ತಿತ್ತು. ಸಿಟ್ಟಿನಲ್ಲಿ ನನ್ನ ಆಟ ಕೆಡುತ್ತದೆಂದು ನನಗೆ ಗೊತ್ತು. ಅದಕ್ಕೇ ನನ್ನ ಬದಲು ನೋಟಬುಕ್ಕೇ ಆಡಲಿ ಎಂದುಕೊಂಡೆ. ಕುದುರೆಗೆ ಮೂರು ಅಂಕ, ಆನೆಗೆ ಐದು. ಮೊದಲು ಏನು ನೋಡಬೇಕು, ಆಮೇಲೆ ಏನು. ಯಾವ ನಡೆಗೆ ಹೆಚ್ಚು ಅಂಕವೋ ಅದನ್ನೇ ಆಡಬೇಕು. ಎಲ್ಲ ಬರೆದೆ. ತಿದ್ದಿ ಎರಡನೆಯದನ್ನೂ ಬರೆದೆ. ಎರಡರಲ್ಲಿ ಯಾವುದು ಗಟ್ಟಿ ಎಂದು ತಿಳಿಯಲು ಅವೆರಡನ್ನೇ ಎದುರುಬದುರು ಕೂರಿಸಿದೆ.

ವಿಜಾಪುರದ ಇಬ್ರಾಹಿಂಪುರದಲ್ಲಿ ನಮ್ಮ ಮನೆ. ಪಡಸಾಲೆಯಲ್ಲಿ ಹಳೆಯ ನೋಟಬುಕ್ಕು ಅವ್ವನ ಕೈಯಲ್ಲಿ, ಹೊಸದು ನನ್ನ ಕೈಯಲ್ಲಿ. ಅವ್ವನಿಗೆ ಕಾಯಿಗಳು ನಡೆಯುವ ರೀತಿ ಬಿಟ್ಟರೆ ಏನೂ ಗೊತ್ತಿರಲಿಲ್ಲ. ಬರೆದದ್ದನ್ನು ಚಾಚೂ ತಪ್ಪದೆ ಆಡುತ್ತಿದ್ದಳು. ಹತ್ತು ಆಟ, ಐದರಲ್ಲಿ ಬಿಳಿ, ಐದರಲ್ಲಿ ಕರಿ. ಒಂದೇ ಆಟ ಮರುಕಳಿಸಬಾರದೆಂದು ಮೊದಲ ನಡೆಗಳಿಗೆ ಚೀಟಿ ಎತ್ತುತ್ತಿದ್ದೆವು. ಎರಡನೆಯದು ಏಳು ಗೆದ್ದಿತು. ಮೂರನೆಯದು ಎರಡನೆಯದನ್ನು ಎಂಟು ಸಲ ಮಣ್ಣು ಮುಕ್ಕಿಸಿತು.

ಅಲ್ಲಿಗೇ ನಿಲ್ಲಿಸಬೇಕಿತ್ತು. ಆದರೆ ನನಗೆ ಬರೀ ಗೆಲುವು ಸಾಲದಾಗಿತ್ತು. ಮೂರನೆಯದನ್ನೇ ನಕಲು ಮಾಡಿ, ನಾಲ್ಕನೆಯದರಲ್ಲಿ ಒಂದೇ ಒಂದು ಸಾಲು ಸೇರಿಸಿದೆ: ಪ್ಯಾದೆಯಿಂದ ಮುಗಿಸುವ ದಾರಿ ಇದ್ದರೆ ಬೇರೆ ಕಾಯಿಯಿಂದ ಮುಗಿಸಬೇಡ. ಅದು ಮೂರನೆಯದರ ಎದುರು ಹತ್ತರಲ್ಲಿ ಏಳು ಸೋತಿತು.

“ಈ ಹೊಸಾದು ದಡ್ಡ ಐತಿ ಬೇ. ಮೂರನೇದ ತಗೊಂಡ ಹೋಗ,” ಅಂದಳು ಅವ್ವ.

ನಾನು ನಾಲ್ಕನೆಯದನ್ನೇ ಒಯ್ದೆ.

ಶನಿವಾರ ಶಾಲೆ ಬಿಟ್ಟ ಮೇಲೆ ಹೆಡ್‌ಮಾಸ್ತರ ಎದುರು ಕೂತೆ. “ನಾ ಗೆದ್ದರ ಆ ಹೆಸರು ಬಿಡಬೇಕ್ರಿ,” ಅಂದೆ.

“ಬಿಡ್ತೀನ್ರಿ. ಬೇಕಾದ್ರ ಪಂಚಾಂಗಾನೂ ತಗೊಂಡ ಬರ್ರಿ,” ಎಂದು ನೋಟಬುಕ್ಕು ನೋಡಿ ನಕ್ಕರು.

ಒಂದು ತಾಸಿನಲ್ಲಿ ಆ ನಗು ಇಳಿಯಿತು. ಅವರ ರಾಜ ಮೂಲೆ ಸೇರಿದ್ದ. ನನ್ನ ವಜೀರ ಒಂದು ಮನೆ ಸರಿದರೆ ಆಟ ಮುಗಿಯುತ್ತಿತ್ತು. ಆ ಸಾಲನ್ನು ಓದಿ ನಾನು ಪ್ಯಾದೆಯನ್ನು ಮುಂದೆ ನೂಕಿದೆ. ಇನ್ನೊಂದು ನಡೆ ಸಿಕ್ಕಿದ್ದರೆ ಅದೇ ಕೊಲ್ಲುತ್ತಿತ್ತು. ಅವರು ಬಿಡಲಿಲ್ಲ. ಕುದುರೆ ಹಾರಿಸಿ ನನ್ನ ವಜೀರನನ್ನು ಹೊಡೆದರು. ಅರ್ಧ ತಾಸಿನಲ್ಲಿ ನಾನು ಮತ್ತೆ ಪ್ಯಾದೆಯಿಂದಲೇ ಸೋತೆ.

ಮನೆಯಲ್ಲಿ ಅವ್ವ ಪೆನ್ಸಿಲ್ಲು ಮುಂದಿಟ್ಟಳು. “ಆ ಒಂದ ಸಾಲ ಹೊಡದ ಹಾಕ. ಮುಂದಿನ ವಾರ ಗೆಲ್ತಿ.”

ನಿಜವಾಗಿಯೂ ಗೆಲ್ಲುತ್ತಿದ್ದೆ, ಆ ಹೆಸರೂ ತೊಲಗುತ್ತಿತ್ತು. ಆದರೂ ಹೊಡೆದು ಹಾಕಲಿಲ್ಲ. ವರ್ಗವಾಗುವವರೆಗೂ ಪ್ಯಾದಿ ಅಕ್ಕೋರಾಗಿಯೇ ಉಳಿದೆ. ನೋಟಬುಕ್ಕು ಇನ್ನೂ ನನ್ನ ಟ್ರಂಕಿನಲ್ಲಿದೆ, ಆ ಸಾಲೂ ಹಾಗೇ ಇದೆ. ಆ ಮನುಷ್ಯ ಸೋಲುವುದಾದರೆ ಪ್ಯಾದೆಯಿಂದಲೇ ಸೋಲಬೇಕು.