ಇಳಿಜಾರಿನಲ್ಲಿ ನಿಂತಿದ್ದ ಕಾರು

ಗುಡಗಾಂವ್‌ನಿಂದ ಫರೀದಾಬಾದಿಗೆ ಹೋಗುವ ರಸ್ತೆಯಲ್ಲಿ, ಗುಡ್ಡದ ಇಳಿಜಾರು ಮುಗಿಯುವ ಸ್ವಲ್ಪ ಮೊದಲು ಒಂದು ಚಹಾದ ಗುಡಿಸಲಿತ್ತು. ನಾನು ನಿಂತಿದ್ದದ್ದು ಅದರ ಮುಂದೆ, ರಸ್ತೆಗೆ ಮುಖ ಮಾಡಿ. ೨೦೦೭ರ ಚಳಿಗಾಲ ಮುಗಿಯುತ್ತ ಬಂದಿತ್ತು. ಭಾನುವಾರ, ಬೆಳಗಿನ ಎಂಟರ ಸುಮಾರು. ಮಂಜು ಇರಲಿಲ್ಲ. ಮಂಜಿತ್ತು ಎಂದು ಆಮೇಲೆ ಹೇಳಿದವರಿದ್ದಾರೆ, ಅದಕ್ಕೇ ಇದನ್ನು ಮೊದಲು ಬರೆಯುತ್ತಿದ್ದೇನೆ. ಕಾರು ರಸ್ತೆಯ ಆಚೆ ಬದಿಯಲ್ಲಿತ್ತು. ನನಗೂ ಅದಕ್ಕೂ ನಡುವೆ ಏನೂ ಅಡ್ಡವಿರಲಿಲ್ಲ.

ಆ ಕಾರು ನಮ್ಮಿಬ್ಬರದು. ನಾನು ಅಣ್ಣ ಎಂದು ಕರೆಯುತ್ತಿದ್ದವರು ದೆಹಲಿಯಲ್ಲಿ, ಸಚಿವಾಲಯವೊಂದರಲ್ಲಿ ಸೆಕ್ಷನ್ ಆಫೀಸರ್. ರಕ್ತಸಂಬಂಧವೇನೂ ಇಲ್ಲ. ಕನ್ನಡದವರ ಒಂದು ಹಬ್ಬದೂಟದಲ್ಲಿ ಪಕ್ಕಪಕ್ಕ ಕೂತಿದ್ದಾಗ ಹೊರಗೆ ಹಾದುಹೋದ ಕಾರಿನ ಸದ್ದಿಗೆ ಇಬ್ಬರೂ ಒಟ್ಟಿಗೇ ಕತ್ತು ತಿರುಗಿಸಿದ್ದೆವು. ಪರಿಚಯ ಆದದ್ದು ಹಾಗೆ. ನಾನಿದ್ದ ಮುನಿರ್ಕಾದ ಗಲ್ಲಿಯಲ್ಲಿ ಸ್ಕೂಟರ್ ತಿರುಗಿಸುವುದೂ ಕಷ್ಟ. ಅವರಿದ್ದ ದ್ವಾರಕಾದ ಹೌಸಿಂಗ್ ಸೊಸೈಟಿಯಲ್ಲಿ ಕಾರು ನಿಲ್ಲಿಸುವ ಜಾಗವಿತ್ತು. ಒಬ್ಬರ ಸಂಬಳಕ್ಕೆ ಎಟುಕದ ಕಾರುಗಳನ್ನು ಇಬ್ಬರೂ ಸೇರಿ ಕೊಂಡೆವು, ಒಂದನ್ನು ಮಾರಿ ಇನ್ನೊಂದು.

ಮೊದಲನೆಯದು ಹಳೆಯ ಪುಟ್ಟ ಕೆಂಪು ಕಾರು. ಹಗುರ, ತಿರುವಿನಲ್ಲಿ ನಾವು ಅಂದುಕೊಳ್ಳುವ ಮೊದಲೇ ತಿರುಗಿರುತ್ತಿತ್ತು. ಎರಡನೆಯದು ಚೌಕ ಮೈಯ ಸೆಡಾನ್. ಅದಕ್ಕೆ ಕರೋಲ್ ಬಾಗಿನ ಸರದಾರ್‌ಜಿಯೊಬ್ಬರ ಅಂಗಡಿಯಲ್ಲಿ ರೇಸ್ ಕಾರಿನಂಥ ಆಳದ ಸೀಟು ಹಾಕಿಸಿದೆವು. ಅಣ್ಣನ ಹೆಂಡತಿ, ನನ್ನ ಪಾಲಿನ ಅತ್ತಿಗೆ, ಅದರಲ್ಲಿ ಒಮ್ಮೆ ಕೂತು, "ಇದರಿಂದ ಒಬ್ಬಳನ್ನ ಎಬ್ಬಿಸೋಕೆ ಇಬ್ಬರು ಬೇಕು. ಅದಕ್ಕೇ ಏನು ಇಬ್ಬರೂ ಸೇರಿ ಕೊಂಡಿದ್ದು?" ಎಂದಿದ್ದರು. ಸರದಾರ್‌ಜಿಗೂ ಕಾರಿನ ಹುಚ್ಚು. ಭಾನುವಾರದ ಬೆಳಗ್ಗೆ ಅವರ ಕಾರೂ ನಮ್ಮ ಹಿಂದೆ ಗುಡ್ಡಕ್ಕೆ ಬರತೊಡಗಿತು.

ಮೂರನೆಯದು ಬೂದುಬಣ್ಣದ್ದು, ಟರ್ಬೊ ಇದ್ದದ್ದು. ಟರ್ಬೊ ಕಾರನ್ನು ಜೋರಾಗಿ ಓಡಿಸಿ ನಿಲ್ಲಿಸಿದ ಕೂಡಲೇ ಎಂಜಿನ್ ಆರಿಸಬಾರದು, ಒಳಗಿನ ಆಯಿಲ್ ಸುಟ್ಟು ಕರಿಗಟ್ಟುತ್ತದೆ. ತುಸು ಹೊತ್ತು ಹಾಗೇ ಬಿಡಬೇಕು. ಇದು ನಮ್ಮ ಒಂದು ನಿಯಮ. ಬ್ರೇಕು ಕಾದಿರುವಾಗ ಹ್ಯಾಂಡ್‌ಬ್ರೇಕ್ ಎಳೆಯಬಾರದು, ಬಿಸಿಯ ಡಿಸ್ಕ್ ಕೆಡುತ್ತದೆ; ಗೇರಿನಲ್ಲಿ ಬಿಟ್ಟು ಇಳಿಯಬೇಕು. ಇದು ಇನ್ನೊಂದು. ಆದರೆ ಎಂಜಿನ್ ಓಡುತ್ತಿರುವ ಕಾರನ್ನು ಗೇರಿನಲ್ಲಿ ಬಿಡಲಾಗುವುದಿಲ್ಲ. ಹಾಗಾಗಿ ಚಕ್ರಕ್ಕೆ ಒಂದು ಇಟ್ಟಿಗೆ ಕೊಡುತ್ತಿದ್ದೆವು. ಗುಡ್ಡಕ್ಕೆ ಬರುತ್ತಿದ್ದವರೆಲ್ಲ ಹಾಗೇ ಮಾಡುತ್ತಿದ್ದರು. ಟ್ಯಾಕ್ಸಿಯವರು ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಆರಿಸಿ, ಚಹಾಕ್ಕೆ ನಡೆಯುತ್ತಾರೆ. ಕಾರನ್ನು ಅಷ್ಟು ಪ್ರೀತಿಸದವರಿಗೆ ಇಟ್ಟಿಗೆಯ ಅಗತ್ಯ ಬೀಳುವುದಿಲ್ಲ.

ಆ ದಿನ ಗುಡ್ಡ ಇಳಿಸಿದ್ದು ಅಣ್ಣ. ಜೋರಾಗಿಯೇ ಇಳಿಸಿದರು. ಕೆಳಗೆ ಬಂದು, ಕಾರು ತಿರುಗಿಸಿ, ಮೂತಿಯನ್ನು ಏರಿನ ಕಡೆ ಮಾಡಿ ನಿಲ್ಲಿಸಿದರು. ಮರಳುವಾಗ ನನ್ನ ಸರದಿ. ಹಿಂದಿನ ಚಕ್ರಕ್ಕೆ ಇಟ್ಟಿಗೆ ಕೊಟ್ಟವರೂ ಅವರೇ. ಸರದಾರ್‌ಜಿ ತಮ್ಮ ಕಾರಿನಿಂದ ಇಳಿಯುತ್ತ ಹಿಂದಿಯಲ್ಲಿ ಕೂಗಿದರು: "ಸಾಹೇಬ್, ಆಫೀಸಿನ ಫೈಲನ್ನೂ ಹೀಗೇ ಓಡಿಸ್ತೀರಾ?"

"ಫೈಲಿಗೆ ಟರ್ಬೊ ಇಲ್ಲ ಸರದಾರ್‌ಜಿ," ಎಂದು ಅಣ್ಣ ನಕ್ಕು, ನನ್ನತ್ತ ತಿರುಗಿ, "ಹೋಗೋ, ಮೂರು ಚಹಾ ಹೇಳು. ಶುಂಠಿ ಜಾಸ್ತಿ," ಎಂದರು.

ನಾನು ರಸ್ತೆ ದಾಟಿ ಚಹಾ ಹೇಳಿ ತಿರುಗಿ ನಿಂತೆ. ಅಣ್ಣ ಕಾರಿನ ಹಿಂದೆ ಬಗ್ಗಿ ಸೈಲೆನ್ಸರ್ ನೋಡುತ್ತಿದ್ದರು. ಬೆಳಗ್ಗಿನಿಂದ ಅದು ಗಲಗಲ ಅನ್ನುತ್ತಿತ್ತು. ಅವರ ಬೆನ್ನ ಹಿಂದೆ ಮೋರಿಯ ಕಲ್ಲುಗೋಡೆ. ಇಟ್ಟಿಗೆ ಪುಡಿಯಾದ ಸದ್ದು ನನಗೆ ಕೇಳಿಸಲಿಲ್ಲ. ಕಾರು ಸರಿದದ್ದು ಕಂಡಿತು. ತರಕಾರಿ ಭಯ್ಯಾ ಗಾಡಿ ತಳ್ಳುವಷ್ಟು ನಿಧಾನವಾಗಿ ಅದು ಹಿಂದಕ್ಕೆ ಬಂತು. ನಾನು ಕೂಗಿದೆ. ಅವರು ಎದ್ದು ನಿಂತರು. ಪಕ್ಕಕ್ಕೆ ಸರಿಯಲು ಸಮಯವಿತ್ತೆಂದು ನನಗನಿಸುತ್ತದೆ. ಆಣೆ ಮಾಡಿ ಹೇಳಲಾರೆ. ಅವರು ಸರಿಯಲಿಲ್ಲ. ಎರಡೂ ಅಂಗೈಗಳನ್ನು ಡಿಕ್ಕಿಯ ಮೇಲೆ ಒತ್ತಿ ಕಾರನ್ನು ತಡೆಯಲು ನೋಡಿದರು.

ನಾನೂ ಸರದಾರ್‌ಜಿಯೂ ಓಡಿಹೋಗಿ ಕಾರನ್ನು ಏರಿನತ್ತ ತಳ್ಳಿದೆವು. ಚಹಾ ಮಾಡುತ್ತಿದ್ದ ಹೆಂಗಸು ಕಲ್ಲು ತಂದು ಚಕ್ರಕ್ಕೆ ಕೊಟ್ಟಳು. ಗೋಡೆಗೆ ಒರಗಿದ್ದ ಅಣ್ಣ, "ಏನೂ ಆಗಿಲ್ಲ ಕಣೋ. ಎಂಜಿನ್ ಆರಿಸು," ಎಂದರು. ನಾನು ಆರಿಸಿದೆ. ಸರದಾರ್‌ಜಿಯ ಕಾರಿನಲ್ಲಿ ಆಸ್ಪತ್ರೆಗೆ ಹೊರಟೆವು. ತಲುಪುವ ಮೊದಲೇ ಅವರ ಉಸಿರು ನಿಂತಿತ್ತು. ನಮ್ಮ ಕಾರಿನ ಹಿಂದಿನ ಬಂಪರಿನಲ್ಲಿ ಒಂದು ಗೀರು ಬಿಟ್ಟರೆ ಏನೂ ಇರಲಿಲ್ಲ.

ದ್ವಾರಕಾದ ಸೊಸೈಟಿಯಲ್ಲಿ ಅದೇ ವಾರ ಮಾತು ಹಬ್ಬಿತು. ಹೆಂಡತಿ, ಮಗು ಇದ್ದವನಿಗೆ ರೇಸಿನ ಹುಚ್ಚು, ಇನ್ನೇನಾಗುತ್ತೆ ಎಂದರು. ಕರ್ಮಗಳು ಮುಗಿದ ಮೇಲೆ ಅತ್ತಿಗೆ ಬಾಗಿಲಲ್ಲೇ ನಿಂತು ಕೇಳಿದರು: "ಎಷ್ಟು ಸ್ಪೀಡಲ್ಲಿತ್ತು?"

"ನಿಂತಿತ್ತು ಅತ್ತಿಗೆ."

"ನಿಂತ ಕಾರು ಯಾರನ್ನಾದ್ರೂ ಕೊಲ್ಲುತ್ತಾ? ಇಷ್ಟಾದ ಮೇಲೂ ಅವರ ಪರವಾಗೇ ಮಾತಾಡ್ತೀಯಲ್ಲ." ನನ್ನನ್ನು ಒಳಗೆ ಕರೆಯಲಿಲ್ಲ. ಕಾರನ್ನು ಅತ್ತಿಗೆಯ ತಮ್ಮ ಬಂದು ಮಾರಿದ. ನಾನು ಮತ್ತೆ ಕಾರು ಕೊಳ್ಳಲಿಲ್ಲ.

ಆಗ ಒಂದನೆಯ ಕ್ಲಾಸಿನಲ್ಲಿದ್ದ ಅಣ್ಣನ ಮಗಳು ಈಗ ಕೆಲಸದಲ್ಲಿದ್ದಾಳೆ. ಮೊನ್ನೆ ಫೋನ್ ಮಾಡಿದಳು. "ಅಂಕಲ್, ಸಚ್ ಬತಾಯಿಯೇ, ನಿಜ ಹೇಳಿ. ಪಾಪಾ ರೇಸ್ ಮಾಡ್ತಾ ಇದ್ರಾ? ಅವರಿಗೆ ನಮಗಿಂತ ಸ್ಪೀಡೇ ಹೆಚ್ಚಾಗಿತ್ತು ಅಂತಾಳೆ ಮಮ್ಮಿ."

ಗುಡ್ಡವನ್ನು ಜೋರಾಗಿ ಇಳಿಸಿದ್ದು ನಿಜ, ಬ್ರೇಕು ಕಾದದ್ದು ಅದರಿಂದಲೇ ಎಂದೆ. ಕಾರು ಅವರನ್ನು ಗೋಡೆಗೆ ಒತ್ತಿದಾಗ ಒಳಗೆ ಯಾರೂ ಇರಲಿಲ್ಲ ಎಂದೆ. ಇಟ್ಟಿಗೆಯ ವಿಷಯವನ್ನೂ ಹೇಳಿದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ, "ನೀವು ತೋ ಅವರ ದೋಸ್ತ್. ನೀವು ಇನ್ನೇನು ಹೇಳ್ತೀರಾ?" ಎಂದಳು.

ಅವಳ ಅನುಮಾನ ತಪ್ಪಲ್ಲ. ಹಾಗಾಗಿ, ಕಂಡವರು ಇನ್ಯಾರು ಉಳಿದಿದ್ದಾರೆ ಎಂದು ವಿಚಾರಿಸಿದೆ. ಚಹಾದಂಗಡಿಯ ಯಜಮಾನ ಆ ಬೆಳಗ್ಗೆ ಹಾಲು ತರಲು ಹೋಗಿದ್ದ, ಏನನ್ನೂ ನೋಡಿಲ್ಲ. ಈಗ ಅವನೂ ಇಲ್ಲ. ಕಲ್ಲು ಕೊಟ್ಟವಳು ಅವನ ಹೆಂಡತಿ. ಫರೀದಾಬಾದಿನಲ್ಲಿ ಮಗಳ ಮನೆಯಲ್ಲಿದ್ದಾಳೆ, ಕಿವಿ ಮಂದ, ಎದುರಿಗೆ ಕೂತು ಕೇಳಿದರೆ ಹೇಳುತ್ತಾಳೆ. ಸರದಾರ್‌ಜಿ ಕರೋಲ್ ಬಾಗಿನಲ್ಲಿ ಅಂಗಡಿಯ ಮೇಲಿನ ಮನೆಯಲ್ಲಿದ್ದಾರೆ, ಮೆಟ್ಟಿಲು ಇಳಿಯುವುದಿಲ್ಲ. ಹುಡುಗಿಯನ್ನು ಕಳಿಸು, ನಾನು ಕಂಡದ್ದನ್ನು ನಾನೇ ಹೇಳುತ್ತೇನೆ, ನೀನು ಜೊತೆಗೆ ಬರಬೇಡ ಎಂದಿದ್ದಾರೆ.